ನನ್ನ ಹಿಂದೆ ನಡೆದ ಹವಾಲ್ದಾರರು

ಶಕ್ತಿನಗರದ ಈ ಕ್ವಾರ್ಟರ್ಸಿನಲ್ಲಿ ನಾನೀಗ ಮಗಳ ಜೊತೆ ಇದ್ದೇನೆ. ಪಕ್ಕದ ಮನೆಯವರು ಬಿಹಾರದ ಕಡೆಯವರು. ಮೊನ್ನೆ ಬೆಳಿಗ್ಗೆ ಆ ಮನೆಯಾಕೆ ಸಾಸಿವೆ ಎಣ್ಣೆ ಕಾಯಿಸಿದಳು, ಘಾಟು ನೇರ ನಮ್ಮ ಪಡಸಾಲೆಗೇ ಬಂತು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದಳು. "ಇರ್ಲಿ ಬಿಡು" ಅಂದೆ. ನನ್ನ ಮುಖ ನೋಡಿ ಅವಳು ಕಿಟಕಿ ತೆರೆದೇ ಬಿಟ್ಟಳು. ಅದು ಅವಳ ಅಪ್ಪನ ವಾಸನೆ...

ನಮ್ಮ ಮನೆಯವರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದರು. ದೇವದುರ್ಗ ತಾಲ್ಲೂಕಿನಲ್ಲಿ ಜಾಲಹಳ್ಳಿ ಹತ್ತಿರದ ಊರು, ಕುರಿ ಕಾಯುವ ಮನೆತನ. ಉತ್ತರದ ಗಡಿಯಲ್ಲಿ ವರ್ಷಗಟ್ಟಲೆ ಇದ್ದು ಸಾಸಿವೆ ಎಣ್ಣೆಯ ರುಚಿ ಹಚ್ಚಿಕೊಂಡಿದ್ದರು. ರಜೆಗೆ ಬಂದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಹಸಿ ಸಾಸಿವೆ ಎಣ್ಣೆ! ನಮ್ಮ ಅತ್ತೆಯಂತೂ ಮಗನ ತಾಟನ್ನೇ ಬೇರೆ ಇಟ್ಟಿದ್ದರು. ನಾನೂ ಬೈಯುವಷ್ಟು ಬೈದಿದ್ದೇನೆ.

ನನ್ನ ತವರು ಮಾನ್ವಿ ಕಡೆಯ ಮಲ್ಲಟ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸಣ್ಣದಾಗಿ ಉಳಿದಿತ್ತು. ಹೆಣ್ಣು ನೋಡಲು ಬಂದವರು ಚಹಾ ಕುಡಿದು, ನನ್ನನ್ನು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಸಿ ನೋಡಿ, "ಹೇಳಿ ಕಳಸ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಇವರು ಬಂದ ದಿನವೂ ನಮ್ಮ ಸೋದರತ್ತೆ "ನಡದು ತೋರಿಸು" ಅಂದರು. ಇವರು ತಡೆದುಬಿಟ್ಟರು. "ನಡಸೂದು ಬ್ಯಾಡ್ರಿ, ಕುಂಡ್ರಲಿ. ನಾ ಏನು ಮಿಲಿಟರಿಗೆ ಭರ್ತಿ ಮಾಡ್ಕಳಾಕ ಬಂದೀನೇನು?" ಒಳಗೆ ನಮ್ಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಆಗಲೇ ಸೋತುಹೋಗಿದ್ದೆ.

ಮದುವೆಯಾಗಿ ಬಂದ ಮೇಲೆ ಹೊಲಕ್ಕೆ ಹೋಗಲಿ, ಬಸ್ಸಿಗೆ ಹೋಗಲಿ, ಎಲ್ಲರಿಗಿಂತ ಹಿಂದೆ ನಾನೇ. ನಾನು ಮುಟ್ಟುವ ಹೊತ್ತಿಗೆ ಉಳಿದವರು ಕಾಲು ತೊಳೆದು, ನೀರು ಕುಡಿದು, ಅರ್ಧ ಮಾತು ಮುಗಿಸಿರುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಎಲ್ಲರ ಬೆನ್ನು ನೋಡುತ್ತಲೇ ನಡೆಯುವುದಿದೆಯಲ್ಲ, ಅದು ಒಳಗೊಳಗೇ ಚುಚ್ಚುತ್ತದೆ.

ಒಮ್ಮೆ ಗಡಿಯಲ್ಲಿ ಗದ್ದಲವಾಗಿ ಬಹಳ ದಿನ ಅವರ ಸುದ್ದಿಯೇ ಇಲ್ಲ. ಆಗ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತೆ. ಅವರು ತಮ್ಮ ಕಾಲ ಮೇಲೆ ಮನೆಗೆ ಬಂದರೆ ನಾನು ನನ್ನ ಕಾಲ ಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ ಅಂತ. ಅವರೇನೋ ಬಂದರು. ಪೆನ್ಷನ್ನೂ ಆಯಿತು. ಹರಕೆ ಮಾತ್ರ ನನ್ನ ಕುತ್ತಿಗೆಗೆ ಬಿತ್ತು.

ನಮ್ಮ ಊರಿಂದ ಪ್ರತಿವರ್ಷ ಉಗಾದಿಗೆ ಒಂದು ಗುಂಪು ಶ್ರೀಶೈಲಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಹೊರಡುತ್ತದೆ. ಗುಂಪಿನ ಹಿರಿಯರು ನಮ್ಮ ಭಾವ, ಇವರ ಅಣ್ಣ. ನಾನೂ ಬರುತ್ತೇನೆ ಅಂದಾಗ ಭಾವ ತಲೆ ಅಲ್ಲಾಡಿಸಿಬಿಟ್ಟರು. "ಯವ್ವಾ, ನೀ ಬಸ್ಸಿನ್ಯಾಗ ಬಾ. ಅಡವ್ಯಾಗ ಹಿಂದ ಉಳದ್ರ ಯಾರು ಹೊತ್ಗೊಂಡು ಬರಬೇಕು?" ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬಸ್ಸಿನಲ್ಲಿ ಹೋದರೆ ಅದೆಂಥ ಹರಕೆ?

ಹೊರಡುವ ದಿನ ನಾನು ಎಂದಿನಂತೆ ಸಾಲಿನ ಕೊನೆಗೆ ನಿಂತೆ. ಇವರು ಬಂದವರೇ ಊರಮಂದಿಯ ಎದುರಿಗೇ ನನ್ನ ಕೈ ಹಿಡಿದು, ಭಾವನಿಗಿಂತ ಮುಂದೆ ತಂದು ನಿಲ್ಲಿಸಿದರು. ತಾವು ಹೆಗಲಿಗೆ ಕಂಬಳಿ ಹಾಕಿಕೊಂಡು ಎಲ್ಲರ ಹಿಂದೆ ಹೋಗಿ ನಿಂತರು. "ಆಕಿ ನಡದಷ್ಟ ನಡೀರಿ. ಆಕಿನ್ನ ಯಾರೂ ದಾಟಂಗಿಲ್ಲ."

ಭಾವನ ಮುಖ ಕೆಂಪಾಯಿತು. "ಹೇಣ್ತಿ ಮುಂದ, ನೀ ಹಿಂದ? ಮಂದಿ ನಗತಾರಲೇ!"

"ನಮ್ಮಪ್ಪ ಜೀವಮಾನಾ ಪೂರ್ತಿ ಕುರಿ ಹಿಂದನ ನಡದ, ಅಣ್ಣ. ಅವಾಗ ಯಾರು ನಕ್ಕಾರ?"

ನನಗೆ ಸಿಟ್ಟು ನೆತ್ತಿಗೇರಿತು. "ನಾ ಏನು ಕುರಿಯೇನ್ರೀ?" ಅಂದೆ. ಅಲ್ಲಿ ಎದ್ದ ನಗು ನಮ್ಮನ್ನು ಊರ ಅಗಸೆ ಬಾಗಿಲು ದಾಟಿಸಿತು.

ರಾತ್ರಿ ದೇವದುರ್ಗದಲ್ಲಿ ತಂಗಿದಾಗ ನನ್ನ ಕಾಲಿಗೆ ಸಾಸಿವೆ ಎಣ್ಣೆ ತಿಕ್ಕುತ್ತ ಇವರು ಕಾರಣ ಹೇಳಿದರು. ಹಿಮದಲ್ಲಿ ಗಸ್ತು ಹೋಗುವಾಗ ಎಲ್ಲರಿಗಿಂತ ಸಾವಕಾಶ ನಡೆಯುವವನನ್ನು ಮುಂದೆ ಬಿಡಬೇಕಂತೆ. ಒಮ್ಮೆ ಹಾಗೆ ಬಿಡಲಿಲ್ಲ. ಜೊತೆಗಾರನೊಬ್ಬ ಹಿಂದೆ ಉಳಿದ. ತಿರುಗಿ ನೋಡಿದರೆ ಬರೀ ಬಿಳುಪು... "ಅವತ್ತಿನಿಂದ ನಾ ಕಡೀಕ ನಡೀತೀನಿ ಬೇ" ಎಂದು ಮುಖ ತಗ್ಗಿಸಿ ಮತ್ತೆ ಎಣ್ಣೆ ತಿಕ್ಕಿದರು. ಅದಾದ ಮೇಲೆ ಆ ಎಣ್ಣೆಯ ಬಗ್ಗೆ ನಾನು ಎಂದೂ ಒಂದು ಮಾತು ಆಡಲಿಲ್ಲ.

ರಾಯಚೂರು ಮುಟ್ಟುವವರೆಗೂ ಗುಂಪಿನ ಹುಡುಗರು ಗೊಣಗಿದರು. ಬಿಸಿಲಿಗೆ ಅಂಗಾಲಲ್ಲಿ ಬೊಬ್ಬೆ ಎದ್ದ ಮೇಲೆ ಅವರಿಗೇ ನನ್ನ ನಡಿಗೆ ಹಿತವೆನಿಸತೊಡಗಿತು. ತೆಲುಗಿನ ಊರುಗಳಲ್ಲಿ ಮಜ್ಜಿಗೆ ಕೊಡುವವರು "ಈ ಅಮ್ಮನೇ ಗುಂಪಿನ ಯಜಮಾನಿ" ಎಂದುಕೊಂಡು ಮೊದಲು ನನಗೇ ಲೋಟ ಹಿಡಿಯುತ್ತಿದ್ದರು. ಭಾವ ಕೆಮ್ಮಿದರೂ ಕೇಳಿಸದವಳಂತೆ ಕುಡಿಯುತ್ತಿದ್ದೆ. ಇಂಥ ಸುಖ ಬಿಡಲಾದೀತೆ?

ಅಡವಿಯೊಳಗೆ ಭೀಮನ ಕೊಳ್ಳದ ಏರಿನಲ್ಲಿ ನನ್ನ ಕಾಲು ಕೈಕೊಟ್ಟಿತು. ಕಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. "ಇನ್ನ ನನ್ನ ಕಡಿಂದ ಆಗಂಗಿಲ್ಲ, ನೀವೆಲ್ಲ ಹೋಗ್ರಿ." ಯಾರೂ ಹೋಗಲಿಲ್ಲ. ಹಿಂದಿನಿಂದ ಇವರ ದನಿ ಕೇಳಿತು: "ವಿಶ್ರಾಮ್!" ಇಡೀ ಸಾಲು ನಗುತ್ತ ಇದ್ದಲ್ಲೇ ಕೂತಿತು. ಸ್ವಲ್ಪ ಹೊತ್ತಿಗೆ ಭಾವ ಹತ್ತಿರ ಬಂದು ತಮ್ಮ ಕೈಯ ಕೋಲನ್ನು ನನ್ನ ಮುಂದೆ ಹಿಡಿದರು. "ಏಳವ್ವಾ. ನೀ ಏಳೂತನಾ ನಾವೂ ಏಳಂಗಿಲ್ಲ." ಎದ್ದೆ. ಶ್ರೀಶೈಲದ ಬಾಗಿಲಾದ ಕೈಲಾಸ ದ್ವಾರದ ಮೆಟ್ಟಿಲ ತುದಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದ್ದು ನನ್ನ ಈ ಸೊಟ್ಟ ಕಾಲು! ಪ್ರತಿವರ್ಷ ಯಾರಾದರೂ ಅರ್ಧದಲ್ಲೇ ಬಸ್ಸು ಹತ್ತುತ್ತಿದ್ದರು. ಆ ವರ್ಷ ಹೊರಟವರೆಲ್ಲ ಮುಟ್ಟಿದೆವು. ಇವರು ಕೊನೆಯವರಾಗಿ ಹತ್ತಿ ಬಂದು, ನನಗೆ ಸೆಲ್ಯೂಟ್ ಹೊಡೆದರು. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ.

ಮುಂದಿನ ವರ್ಷದಿಂದ ನಮ್ಮ ಗುಂಪಿಗೆ ಅದೇ ಪದ್ಧತಿಯಾಯಿತು. ನಾನು ಮುಂದೆ, ಇವರು ಹಿಂದೆ. ಮೂರು ಮಕ್ಕಳ ತಾಯಿ, ಮಂಡಿನೋವಿನ ಮುದುಕ, ಎಲ್ಲರೂ ಧೈರ್ಯ ಮಾಡಿ ಬರತೊಡಗಿದರು.

ಹೋದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು... ನಮ್ಮಲ್ಲಿ ಹೆಂಗಸರು ಬಾಗಿಲಲ್ಲೇ ಉಳಿಯಬೇಕು, ಮಣ್ಣಿಗೆ ಹೋಗುವಂತಿಲ್ಲ. ಹೆಗಲು ಕೊಟ್ಟವರು ಬಿರಬಿರನೆ ಹೊರಟರು. ನಾನು ತಡೆಯಲಾರದೆ ಓಣಿಗೆ ಇಳಿದೆ. ಯಾರೋ ರಟ್ಟೆ ಹಿಡಿದರು. ಆಗ ಭಾವ ಕೋಲು ಊರುತ್ತ ಹೋಗಿ ಹೊತ್ತವರಿಗೆ ಅಡ್ಡ ನಿಂತರು. "ನಿಲ್ರಿ. ಆಕಿನ್ನ ಮುಂದ ಬಿಡ್ರಿ. ಆಕಿ ನಡದಷ್ಟ ನಡೀರಿ." ಇಡೀ ಊರು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿತು. ಮಣ್ಣು ಮಾಡುವ ನಮ್ಮ ಹೊಲದವರೆಗೂ ನಾನು ಮುಂದೆ. ಅವತ್ತೂ ಅವರು ನನ್ನ ಹಿಂದೆಯೇ ಬಂದರು.

ನಿನ್ನೆ ಭಾವ ಫೋನು ಮಾಡಿದ್ದರು. ಈ ಸಲವೂ ಗುಂಪು ಹೊರಟಿದೆಯಂತೆ. "ಯವ್ವಾ, ಈಗ ನಿನಕಿಂತ ನಾನ ಸಾವಕಾಶ ನಡ್ಯಾಕತ್ತೀನಿ. ಮುಂದಿನ ಜಾಗಾ ನನಗ ಬಿಡ್ತೀಯೇನು?" ಅಂದರು. ನಗು ಬಂತು. ಆಮೇಲೆ ಸಾಲಿನ ಕೊನೆಯಲ್ಲಿ ಇವರು ಬಿಟ್ಟುಹೋದ ಜಾಗ ನೆನಪಾಯಿತು.

"ನೀವ ಮುಂದ ನಡೀರಿ, ಭಾವ" ಅಂದೆ. "ಕಡೀಕ ನಾ ಬರ್ತೀನಿ."

ಫೋನಿಟ್ಟು ಬಹಳ ಹೊತ್ತು ಅತ್ತೆ. ಆಮೇಲೆ ಎದ್ದು, ರೂಢಿಯಾಗಲಿ ಎಂದು, ಬರಿಗಾಲಲ್ಲೇ ಕಾಲೋನಿ ಸುತ್ತಲು ಹೊರಟೆ.