ಹಳದಿ ಬಾವುಟ ಇಳಿಯುವವರೆಗೆ

ಎರಡು ವರ್ಷದಿಂದ ನನಗೂ ಗಂಡನಿಗೂ ಮನೆಯಾಗಿರುವ ಹಾಯಿದೋಣಿ ಇಂದು ಬೆಳಿಗ್ಗೆ ಒಮಾನಿನ ಬಂದರಿಗೆ ಬಂತು. ಹೊಸ ದೇಶದಲ್ಲಿ ಪ್ರವೇಶದ ಮುದ್ರೆ ಬೀಳುವವರೆಗೆ ದೋಣಿಯ ಮೇಲೆ ಹಳದಿ ಬಾವುಟ ಹಾರುತ್ತಿರಬೇಕು. ಅಲ್ಲಿಯವರೆಗೆ ಕ್ಯಾಪ್ಟನ್ ಒಬ್ಬರೇ ನೆಲಕ್ಕೆ ಇಳಿಯಬಹುದು. ಕಾಗದಗಳನ್ನು ಹಿಡಿದು ನಾನು ಇಳಿದೆ.

ಕಚೇರಿಯಲ್ಲಿ ಅಧಿಕಾರಿ ನನ್ನ ಹಿಂದಿನ ಬಾಗಿಲನ್ನು ನೋಡುತ್ತಾ ಅರಬ್ಬಿಯಲ್ಲಿ ಏನೋ ಕೇಳಿದರು.

“ಕ್ಯಾಪ್ಟನ್ ಎಲ್ಲಿ ಅಂತ ಕೇಳ್ತಾರೆ” ಎಂದರು ನಮ್ಮ ಏಜೆಂಟ್, ಉಳ್ಳಾಲದ ಹಮೀದಾಕ.

“ನಾನೇ.”

“ಅದು ಸರಿ ಮೇಡಂ. ಆದ್ರೆ ಫಾರ್ಮಲ್ಲಿ ಯಜಮಾನರ ಹೆಸರು ಹಾಕುವ. ಐದು ನಿಮಿಷದಲ್ಲಿ ಖಲಾಸ್. ಇಲ್ಲದಿದ್ರೆ ಇವರು ನಾಳೆ ಬನ್ನಿ ಅಂದ್ರೆ ಎಂತ ಮಾಡುವುದು?”

ದೋಣಿಯಲ್ಲಿ ಕುಡಿಯುವ ನೀರು ಸಂಜೆಯವರೆಗಷ್ಟೇ ಇತ್ತು. ಆದರೂ ಪೆನ್ನನ್ನು ಅವರ ಕೈಗೆ ಕೊಡಲಿಲ್ಲ.

“ಲೈಸೆನ್ಸ್ ನನ್ನದು. ಅವನ ಹೆಸರು ಬರೆದರೆ ಕ್ಯಾಪ್ಟನ್ ದೋಣಿಯಲ್ಲಿದ್ದಾನೆ, ಇಳಿಯಬಾರದವಳು ಇಲ್ಲಿ ನಿಂತಿದ್ದಾಳೆ ಅಂತಾಗುತ್ತದೆ. ಸುಳ್ಳೂ ನನ್ನದೇ, ತಪ್ಪೂ ನನ್ನದೇ. ಇದನ್ನೇ ಅರಬ್ಬಿಯಲ್ಲಿ ಹೇಳಿ, ಹಮೀದಾಕ.”

ಅವರು ಹೇಳಿದರು. ಅಧಿಕಾರಿ ಲೈಸೆನ್ಸನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಯಾಚೆ ದೋಣಿಯನ್ನು ನೋಡಿದರು. ಗಂಡ ಡೆಕ್ಕಿನ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದ. ಅಧಿಕಾರಿ ಫಾರ್ಮನ್ನು ನನ್ನ ಕಡೆಗೆ ತಳ್ಳಿದರು. ಕ್ಯಾಪ್ಟನ್ ಎಂಬಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಮುದ್ರೆ ಬಿತ್ತು.

“ಈ ಕಥೆ ನನ್ನ ಹೆಂಡತಿಗೆ ಗೊತ್ತಾಗುವುದು ಬೇಡ ಮಾರಾಯ್ರೆ” ಎಂದರು ಹಮೀದಾಕ, ಹೊರಗೆ ಬಂದ ಮೇಲೆ.

ದೋಣಿಯಲ್ಲಿ ಗಂಡ ನೀರಿನ ಖಾಲಿ ಕ್ಯಾನುಗಳನ್ನು ಹಿಡಿದು ಅಂಚಿನಲ್ಲೇ ನಿಂತಿದ್ದ.

“ಇಳಿಯಲಾ?”

ಮೊದಲು ಹಳದಿ ಬಾವುಟ ಇಳಿಸಿ ಮಡಚಿದೆ.

“ಈಗ ಇಳಿ” ಎಂದೆ.