ಇಂದುಬಾಯಿ ಗಂಡನನ್ನು ಎಬ್ಬಿಸಿ ಕೂರಿಸಿದ್ದು

ಬಚ್ಚಲಲ್ಲಿ ಜಾರಿದವನು ರೇವಪ್ಪ. ಅವನ ಮೈಕೆಳಗೆ ಸಿಕ್ಕವಳು ಹೆಂಡತಿ ಇಂದುಬಾಯಿ. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದ ಗಂಡನಿಗೆ ಸ್ನಾನ ಮಾಡಿಸಿ ಎಬ್ಬಿಸುವಾಗ ಅವಳ ಮೊಣಕಾಲು ಕುಸಿದಿತ್ತು. ಹೇಗೋ ನುಸುಳಿ ಹೊರಬಂದಳು. ಕಂಕುಳಿಗೆ ಕೈಹಾಕಿ ಎಳೆದಳು, ಸೀರೆ ಸುತ್ತಿ ಜಗ್ಗಿದಳು. ಅವನು ಅಲುಗಲಿಲ್ಲ. ನಾಲತವಾಡದ ಆ ಓಣಿಯ ಮಂದಿಯೆಲ್ಲ ತೊಗರಿ ರಾಶಿಗೆಂದು ಹೊಲಕ್ಕೆ ಹೋಗಿದ್ದರು. ಕೂಗಿದರೆ ಓಗೊಡುವವರಿರಲಿಲ್ಲ.

"ಬಿಡ... ನನ್ನ ಇಲ್ಲೇ ಬಿಡ," ಎಂದು ತೊದಲಿ ರೇವಪ್ಪ ಗೋಡೆಯತ್ತ ಮುಖ ತಿರುಗಿಸಿ ಅತ್ತ.

"ಹಂಗ ಅನಬ್ಯಾಡ್ರಿ," ಎಂದಳೇ ಹೊರತು ಅವಳಿಗೂ ಬೇರೆ ದಾರಿ ಕಾಣಲಿಲ್ಲ.

ಹೊತ್ತು ಇಳಿದ ಮೇಲೆ ಪಕ್ಕದ ಮನೆಯ ಜುಲ್ಫಿಕರ ಬಂದು ಎತ್ತಿ ಹಾಸಿಗೆಗೆ ಹಾಕಿದ. ಅಲ್ಲಿಯತನಕ ರೇವಪ್ಪ ಹಸಿ ನೆಲದ ಮೇಲೆ ನಡುಗುತ್ತ ಬಿದ್ದಿದ್ದ.

ಬೀಜ-ಗೊಬ್ಬರದ ಅಂಗಡಿ ನಡೆಸುತ್ತಿದ್ದ ರೇವಪ್ಪ ಎತ್ತರದ, ದಪ್ಪನೆಯ ಮನುಷ್ಯ. ಇಂದುಬಾಯಿಯದು ಕಡ್ಡಿಯಂಥ ಮೈ. ಮಗ್ಗುಲು ಬದಲಿಸಲು ಆಗದೆ ಅವನ ಬೆನ್ನಿನ ಮೇಲೆ ಹುಣ್ಣು ಎದ್ದಿತ್ತು. ಅದನ್ನು ತೊಳೆಯುವಾಗೆಲ್ಲ ಅವಳಿಗೆ ತನ್ನ ತೋಳುಗಳ ಮೇಲೆಯೇ ಸಿಟ್ಟು ಬರುತ್ತಿತ್ತು.

ಬಚ್ಚಲಲ್ಲಿ ಬಿದ್ದ ಮರುದಿನದಿಂದ ಅವಳು ಮೈ ಗಟ್ಟಿ ಮಾಡಿಕೊಳ್ಳಲು ಹೊರಟಳು. ಫೋನಿನಲ್ಲಿ ನೋಡಿ ಕೂತು ಏಳುವ ಬೈಠಕ್ ಹೊಡೆದಳು. ತುಂಬಿದ ಕೊಡಗಳನ್ನು ಎತ್ತಿ ಇಳಿಸಿದಳು. ಕಾಲು ನಡುಗಿದರೂ ಬಿಡಲಿಲ್ಲ, ನೋವಾದಷ್ಟೂ ಒಳ್ಳೆಯದೆಂದುಕೊಂಡಳು. ವಾರ ಕಳೆಯುವುದರೊಳಗೆ ಒಂದು ಮುಂಜಾನೆ ಕೊಡ ಎತ್ತಲು ಬಗ್ಗಿದವಳಿಗೆ ಸೊಂಟ ಹಿಡಿಯಿತು. ಅಲ್ಲೇ ನೆಲ ಹಿಡಿದಳು. ಒಳಗೆ ಗಂಡ ಹಾಸಿಗೆಯಲ್ಲೇ ಮಾಡಿಕೊಂಡು ಕರೆಯುತ್ತಿದ್ದ. ಅವಳು ತೆವಳಿ ಹೊಸ್ತಿಲತನಕ ಹೋದಳು, ಮುಂದೆ ಆಗಲಿಲ್ಲ. ಇಬ್ಬರೂ ಒಮ್ಮೆಲೇ ಹೋಗಿಬಿಟ್ಟರೆ ಯಾರಿಗೂ ತ್ರಾಸಿಲ್ಲ ಎಂಬ ವಿಚಾರ ಆವತ್ತು ಬಂದಿತ್ತು.

ಸುದ್ದಿ ತಿಳಿದು ಇಂಡಿ ಊರಿನಿಂದ ಓಡಿಬಂದ ಮಗಳು ಸುಮಂಗಲಾ, ಅಪ್ಪನನ್ನು ಜುಲ್ಫಿಕರನಿಗೆ ಒಪ್ಪಿಸಿ ಅವ್ವನನ್ನು ಮುದ್ದೇಬಿಹಾಳಕ್ಕೆ ಕರೆದೊಯ್ದಳು. ಅಲ್ಲಿ ಕೈಕಾಲಿನ ವ್ಯಾಯಾಮ ಕಲಿಸುವ ಶಬಾನಾ ಎಂಬ ಹೆಣ್ಣುಮಗಳು ಸೊಂಟ ನೋಡಿ ಮೊದಲು ಕೇಳಿದ್ದು ಊಟದ ವಿಷಯ.

"ಏನ ಉಣ್ತೀರಿ ಅಕ್ಕಾರ?"

"ಅವರಿಗೆ ಉಣಿಸಿ ಉಳದದ್ದರಿ. ಒಮ್ಮೊಮ್ಮೆ ಬರೇ ಚಾ."

"ಮತ್ತ ಶಕ್ತಿ ಎಲ್ಲಿಂದ ಬರಬೇಕ್ರಿ? ಕಾಳು, ಶೇಂಗಾ, ಮೊಸರು ಹೊಟ್ಟಿತುಂಬ ತಿನ್ರಿ. ಸೊಂಟ ಆರಾಮ ಆಗೂತನಕ ಭಾರ ಮುಟ್ಟಬ್ಯಾಡ್ರಿ. ಆಮ್ಯಾಲ ಕುರ್ಚಿಯಿಂದ ಸಾವಕಾಶ ಏಳೂದು, ಕೂಡೂದು ಅಷ್ಟ. ಒಂದಿನ ಮಾಡಿದ್ರ ಮರುದಿನ ಬಿಡ್ರಿ. ಮೈ ಗಟ್ಟಿ ಆಗೂದು ಬಿಟ್ಟ ದಿನಾನ."

"ಬಿಟ್ಟ ಕುಂತ್ರ ಅವರನ್ನ ಯಾರು ಎಬ್ಬಸ್ತಾರ್ರಿ?" ಎಂದಳು ಇಂದುಬಾಯಿ.

ಶಬಾನಾ ಒಂದು ಕುರ್ಚಿ ಎಳೆದಳು. ಸುಮಂಗಲಾಳನ್ನೇ ರೋಗಿಯಾಗಿ ಕೂರಿಸಿ, ಬೆನ್ನು ಬಗ್ಗಿಸದೆ, ಎದೆಗೆ ಎದೆ ಹಚ್ಚಿ, ತೊಡೆಯ ಬಲದಿಂದ ಎತ್ತುವುದು ಹೇಗೆಂದು ತೋರಿಸಿದಳು. ರೋಗಿಯೂ ಮುಂದಕ್ಕೆ ಬಾಗಿ ಒಳ್ಳೆಯ ಕಾಲಿನಿಂದ ಒತ್ತಬೇಕು ಎಂದಳು.

ಸೊಂಟ ವಾಸಿಯಾಗುವತನಕ ಮಗಳು ಉಳಿದು ಹೋದಳು. ಬಳಿಕ ಬಂದದ್ದೇ ಕಠಿಣ ಕಾಲ. ತಿಂಗಳು ಉರುಳಿದರೂ ಇಂದುಬಾಯಿಗೆ ತೋಳಲ್ಲಿ ಫರಕು ಕಾಣಲಿಲ್ಲ. ಎತ್ತಲು ಹೋಗುವುದು, ಅರ್ಧಕ್ಕೆ ಬಿಡುವುದು. ರೇವಪ್ಪ ಹಾಸಿಗೆಗೆ ಧಪ್ಪನೆ ಬಿದ್ದಾಗ ಅವನ ಕಣ್ಣಲ್ಲಿ ಕಂಡದ್ದು ಭಯ. ಕೆಲವು ದಿನ ಅವಳು ಕುರ್ಚಿಯ ಮುಂದೆ ನಿಂತು ಅತ್ತು, ಅಳುತ್ತಲೇ ಕೂತು ಎದ್ದದ್ದುಂಟು.

ಶ್ರಾವಣದಲ್ಲಿ ಒಂದು ಮುಂಜಾನೆ, "ಒತ್ತರಿ," ಎಂದಳು. ರೇವಪ್ಪ ಬಲಗಾಲು ಒತ್ತಿದ. ಎದ್ದು ನಿಂತ! ಇಬ್ಬರೂ ಅಪ್ಪಿಕೊಂಡಂತೆ ತೂಗಾಡುತ್ತ ತಿರುಗಿದರು. ಅವನು ಕುರ್ಚಿಯಲ್ಲಿ ಕೂತ. ಬಾಗಿಲಾಚೆಯ ಓಣಿ ಎಷ್ಟೋ ತಿಂಗಳ ಮೇಲೆ ಕಂಡಿತು. ಅವನು ಹೆಂಡತಿಯ ಕೈ ಬಿಡಲಿಲ್ಲ. ಬರುಬರುತ್ತ ಹುಣ್ಣು ಮಾಯಿತು.

ದೀಪಾವಳಿಯ ಹಿಂದೆಮುಂದೆ ಲಕ್ವಾ ಎರಡನೇ ಸಲ ಹೊಡೆಯಿತು. ಈ ಸಲ ಮಾತೂ ಹೋಯಿತು, ಒತ್ತುವ ಕಾಲೂ ಹೋಯಿತು. ಡಾಕ್ಟರು ಇನ್ನು ಸುಧಾರಣೆ ಕಷ್ಟ ಎಂದರು. ಇಂದುಬಾಯಿ ಎತ್ತುವುದನ್ನು ಬಿಡಲಿಲ್ಲ. ಈಗ ಪೂರ್ತಿ ಭಾರ ಅವಳದೇ.

ಹಬ್ಬ ಮುಗಿದು ಎರಡು ತಿಂಗಳ ಮೇಲೆ ಬಂದ ಸುಮಂಗಲಾ, ಅವ್ವ ಒಬ್ಬಳೇ ಅಪ್ಪನನ್ನು ಎತ್ತಿ ಕುರ್ಚಿಗೆ ಕೂರಿಸುವುದನ್ನು ಕಂಡು ಬೆರಗಾದಳು.

"ಯವ್ವಾ, ಎಷ್ಟ ಗಟ್ಟಿ ಆಗೀದಿ!"

ಇಂದುಬಾಯಿ ಗಂಡನ ಕುತ್ತಿಗೆಯ ಹಿಂದೆ ದಿಂಬು ಇಡುತ್ತಿದ್ದಳು. ಅಂಗಿಯೊಳಗಿನ ಅವನ ಭುಜದ ಎಲುಬು ಅವಳ ಅಂಗೈಗೆ ಚುಚ್ಚುತ್ತಿತ್ತು.

"ನಾ ಗಟ್ಟಿ ಆಗೇನೋ, ಇವರಽ ಹಗರ ಆಗ್ಯಾರೋ, ಒಂದೂ ಗೊತ್ತಾಗವಲ್ದವ್ವಾ," ಎಂದವಳೇ ಅವನ ಬಾಯಿಯ ಜೊಲ್ಲು ಒರೆಸಿದಳು.