ರಾಶಿ ಸೌಮ್ಯ ಹಾವು

ಹುಬ್ಬಳ್ಳಿ ಬಸ್ಸಿನಿಂದ ಇಳಿದು ಕಮಲಾಕರ ಯಲ್ಲಾಪುರದ ಮನೆಗೆ ಬಂದಾಗ ಅವನ ಹೆಂಡತಿ ನೀಲಾ ಹಿತ್ತಿಲ ಕಡೆ ಹಲಸಿನ ಹಪ್ಪಳದ ಹಿಟ್ಟು ಗುದ್ದುತ್ತಿದ್ದಳು. ಅವನ ಒಂದು ಕೈಯಲ್ಲಿ ಸ್ಟುಡಿಯೊಕ್ಕೆ ತಂದ ಫೋಟೋ ಕಾಗದದ ಕಟ್ಟು, ಇನ್ನೊಂದರಲ್ಲಿ ಬಾಯಿ ಬಿಗಿದು ಕಟ್ಟಿದ ತಲೆದಿಂಬಿನ ಚೀಲ. ಚೀಲ ತನ್ನಷ್ಟಕ್ಕೆ ಮಿಸುಕಾಡಿತು.

"ಎಂತದು ಅದು?"

"ಮೊದ್ಲು ಒಂದು ಲೋಟ ನೀರು ಕೊಡು. ಹೇಳ್ತೆ."

"ನೀರು ಆಮೇಲೆ. ಚೀಲದಲ್ಲಿ ಎಂತ ಇದ್ದು?"

"ಹಾವು."

ನೀಲಾ ಒನಕೆ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಳು.

"ಹೆದರಡ ಮಾರಾಯ್ತಿ. ನಮ್ಮ ಬದಿಯ ಹಾವಲ್ಲ, ಅಮೇರಿಕದ್ದು. ಕಿಂಗ್‌ಸ್ನೇಕ್ ಹೇಳಿ. ವಿಷ ಇಲ್ಲೆ. ಕಾಗದಪತ್ರ ಎಲ್ಲಾ ಸರಿ ಇದ್ದು. ಹುಬ್ಬಳ್ಳಿಯ ಯನ್ನ ದೋಸ್ತ ತುಷಾರ ಮನೆ ಬದಲಿಸಿದ್ನಲೆ, ಹೊಸ ಮನೆ ಮಾಲೀಕ ಹಾವು ಬ್ಯಾಡ ಹೇಳಿದ್ನಡ. ಎಲ್ಲಾದ್ರೂ ಇರವಲ್ಲ ಪಾಪ ಅದೂವ. ಸ್ವಭಾವ ರಾಶಿ ಸೌಮ್ಯ."

ಸೌಮ್ಯ ಎನ್ನುವ ಮಾತಿಗೆ ನೀಲಾ ಹಿಂದೆ ಒಮ್ಮೆ ಮರುಳಾಗಿದ್ದಳು. ಬನವಾಸಿಯ ಅವಳ ತವರುಮನೆಗೆ ಸಂಬಂಧ ತಂದವರು ಗಂಡಿನ ಬಗ್ಗೆ ಇದೇ ಮಾತನ್ನು ಹೇಳಿದ್ದರು. ಹುಡುಗ ರಾಶಿ ಸೌಮ್ಯ, ಇಸ್ಪೀಟಿಲ್ಲ, ಎಲೆ ಅಡಿಕೆಯ ಕವಳ ಸಹ ಹಾಕುವುದಿಲ್ಲ, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಎಲ್ಲವೂ ನಿಜವೇ. ದನಿ ಎತ್ತದೆ, ಜಗಳಕ್ಕೆ ಬಾರದೆ, ನಗುನಗುತ್ತಲೇ ತನಗೆ ಬೇಕಾದ್ದನ್ನೆಲ್ಲ ಮಾಡಿಕೊಂಡು ಹೋಗುವ ಗಂಡಸೊಬ್ಬ ಇರಬಹುದು ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಕಮಲಾಕರನದು ಹೆದ್ದಾರಿ ಬದಿಯಲ್ಲಿ ಫೋಟೋ ಸ್ಟುಡಿಯೊ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಬಿಟ್ಟರೆ ಬೇರೆ ಕೆಲಸ ಉಳಿದಿರಲಿಲ್ಲ. ಹೊತ್ತು ಹೋಗದವನಿಗೆ ಹುಚ್ಚು ಒಂದರ ಮೇಲೊಂದು. ಮೊದಲು ಬಣ್ಣದ ಮೀನು ಬಂತು. ಆರೇ ತಿಂಗಳಲ್ಲಿ ತೊಟ್ಟಿಯ ನೀರು ಬದಲಿಸುವ ಕೆಲಸ ನೀಲಾಳ ಪಾಲಿಗೆ ಬಿತ್ತು. ಆಮೇಲೆ ಗಿಳಿಯಂಥ ಸಣ್ಣ ಹಕ್ಕಿಗಳ ಜೋಡಿ. ಕಾಳು ಹಾಕುವವಳು ನೀಲಾ. ಬಚ್ಚಲುಮನೆಯ ಹಿಂದೆ ಜೇನುಪೆಟ್ಟಿಗೆ ಇಟ್ಟ. ಬಟ್ಟೆ ಒಣಹಾಕಲು ಹೋದ ನೀಲಾಳ ಮುಖ ಊದಿತು. ಶುರು ಮಾಡುವುದು ಅವನು, ಮುಗಿಸುವುದು ಇವಳು. ಅದರ ನಡುವೆಯೇ ಅವಳು ಹಪ್ಪಳ, ಕಬ್ಬಿನ ಹಾಲಿನ ತೊಡದೇವು, ಉಪ್ಪಿನಕಾಯಿ ಮಾಡಿ ಮಾರುತ್ತ ಮಗಳು ಸಮೃದ್ಧಿಯನ್ನು ಓದಿಸಿ, ಸಿದ್ದಾಪುರಕ್ಕೆ ಮದುವೆ ಮಾಡಿ ಕಳಿಸಿದ್ದಳು. ಸಿರ್ಸಿಯಿಂದ ಮುಂಡಗೋಡಿನವರೆಗೂ ಅವಳ ಹಪ್ಪಳಕ್ಕೆ ಹೆಸರಿತ್ತು.

ಹಾವಿಗೆ ಜಗುಲಿಯ ಪಕ್ಕದ ಕೋಣೆ ಸಿಕ್ಕಿತು. ಗಾಜಿನ ಪೆಟ್ಟಿಗೆ, ಕೆಳಗೆ ಕಾಗದದ ಹಾಸು, ಮೂಲೆಯಲ್ಲಿ ನೀರಿನ ಬಟ್ಟಲು. ಮೂರು ಮೊಳ ಉದ್ದ, ಮೈತುಂಬ ಕಪ್ಪು ಬಿಳಿ ಪಟ್ಟೆ. ನೋಡಿದವರು ಮೊದಲು ವಿಷದ ಕಟ್ಟುಹಾವೆಂದು ಬೆಚ್ಚುವಂತಿತ್ತು. ಕಮಲಾಕರ ಅದಕ್ಕೆ ರಾಜ ಎಂದು ಹೆಸರಿಟ್ಟ. ನೀಲಾ ಹೆಸರು ಹಿಡಿದು ಕರೆಯಲಿಲ್ಲ. "ನಿಂಗಳ ಪ್ರಾಣಿ" ಎನ್ನುತ್ತಿದ್ದಳು.

"ಅದು ತಿಂಬದೆಂತ?" ಎಂದು ಎರಡನೆಯ ದಿನ ಕೇಳಿದಳು. ಅವನು ಉತ್ತರ ಕೊಡದೆ ಸ್ಟುಡಿಯೊಕ್ಕೆ ಹೊರಟುಹೋದ. ಉತ್ತರ ಫ್ರಿಜ್ಜಿನಲ್ಲಿ ಸಿಕ್ಕಿತು. ಮಂಜುಗಟ್ಟಿಸಲು ಇಟ್ಟ ಹಲಸಿನ ತೊಳೆಯ ಕೆಳಗೆ ಒಂದು ಪ್ಲಾಸ್ಟಿಕ್ ಪೊಟ್ಟಣ. ಅದರೊಳಗೆ ಸಾಲಾಗಿ ಮಲಗಿಸಿದ ಬಿಳಿ ಇಲಿಗಳು. ಸಣ್ಣ ಕೈ, ಸಣ್ಣ ಕಾಲು, ಗುಲಾಬಿ ಬಣ್ಣದ ಬಾಲ.

ನೀಲಾ ಕೂಗಲಿಲ್ಲ. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆ ಅದು. ಫ್ರಿಜ್ಜಿನಲ್ಲಿದ್ದುದನ್ನೆಲ್ಲ ತೆಗೆದು ಹಿತ್ತಿಲಿಗೆ ಸುರಿದಳು, ಒಳಗೆ ಬಿಸಿನೀರು ಹಾಕಿ ತಿಕ್ಕಿದಳು, ಪೊಟ್ಟಣವನ್ನು ಇಕ್ಕುಳದಲ್ಲಿ ಹಿಡಿದುಕೊಂಡು ಹೆದ್ದಾರಿ ದಾಟಿ ಸ್ಟುಡಿಯೊಕ್ಕೆ ಹೋದಳು. ಅಲ್ಲಿ ಒಬ್ಬ ಹುಡುಗಿ ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ನೀಲಾ ಪೊಟ್ಟಣವನ್ನು ಕ್ಯಾಮೆರಾದ ಪಕ್ಕದಲ್ಲಿ ಇಟ್ಟು ಹಿಂದಿರುಗಿದಳು. ಕಮಲಾಕರ ಸಂಜೆಯೊಳಗೆ ಹಳೆಯದೊಂದು ಸಣ್ಣ ಫ್ರಿಜ್ಜನ್ನು ಸ್ಟುಡಿಯೊದ ಹಿಂದಿನ ಕತ್ತಲೆ ಕೋಣೆಗೆ ತಂದು ಹಾಕಿದ. ಸಿಟ್ಟು ಮಾಡಲಿಲ್ಲ. "ನೀ ಹೇಳಿದ್ದು ಸರಿ ಇದ್ದು" ಎಂದ. ಅದೇ ಅವಳಿಗೆ ಇನ್ನೂ ಮೈ ಉರಿಸಿತು.

ಸೌಮ್ಯ ಹಾವು ಕಚ್ಚಿದ್ದು ಜೂನಿನಲ್ಲಿ. ಕಮಲಾಕರ ಇಲಿಯೊಂದನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಅದೇ ಕೈಯಲ್ಲಿ ಪೆಟ್ಟಿಗೆಯ ಬಟ್ಟಲು ಸರಿಸಲು ಹೋಗಿದ್ದ. ಹಾವಿಗೆ ಇಲಿಯ ವಾಸನೆಯಷ್ಟೇ ಸಾಕಾಯಿತು. ಹೆಬ್ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ. ನುಂಗಿಯೇ ತೀರುತ್ತೇನೆ ಎಂಬಂತೆ ಅಗಿಯುತ್ತ ಮಣಿಕಟ್ಟಿಗೆ ಸುತ್ತಿಕೊಂಡಿತು. ಅವನು ಆ ಕೈಯನ್ನು ಎತ್ತಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನೀಲಾ, ಗಡಬಡಿಸಡ. ಸಿಟ್ಟಿಂದ ಕಚ್ಚಿದ್ದಲ್ಲ. ಊಟ ಹೇಳಿ ತಪ್ಪು ತಿಳ್ಕಂಡಿದ್ದು."

"ತಪ್ಪು ತಿಳ್ಕಂಡಿದ್ದು ಆನು, ಅದಲ್ಲ!" ಎಂದವಳೇ ನೀಲಾ ಪಕ್ಕದ ಪಂಕ್ಚರ್ ಅಂಗಡಿಯ ಮಡಿವಾಳಪ್ಪನನ್ನು ಕೂಗಿದಳು. ಹಾವೇರಿ ಕಡೆಯ ಆಳು, ಲಾರಿ ಟಯರುಗಳನ್ನು ಒಂಟಿ ಕೈಯಲ್ಲಿ ಉರುಳಿಸುವವನು. ಓಡಿಬಂದವನು ಹಾವನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಾರ, ನಾ ಎಂಥಾ ಕೆಲಸಾನೂ ಮಾಡ್ತೀನ್ರಿ, ಇದೊಂದ ಹೇಳಬ್ಯಾಡ್ರಿ."

"ನಲ್ಲಿ, ನಲ್ಲಿ ಕೆಳಗೆ ಹಿಡಿಯವು" ಎಂದು ಕಮಲಾಕರನೇ ಶಾಂತವಾಗಿ ನೆನಪಿಸಿಕೊಂಡ. ತಣ್ಣೀರು ಬಿಟ್ಟ ಮೇಲೆ ಹಾವು ಬಾಯಿ ಸಡಿಲಿಸಿತು. ಸಡಿಲಿಸಿ, ಬೆದರಿ, ಬಾಲದ ಬುಡದಿಂದ ಏನನ್ನೋ ಚಿಮ್ಮಿಸಿತು. ಆ ನಾತ ನೀಲಾಳ ಸೀರೆಗೆ ಹತ್ತಿತು, ನಾಲ್ಕು ಸಲ ಒಗೆದರೂ ಹೋಗಲಿಲ್ಲ.

ಮಡಿವಾಳಪ್ಪ ಒಳ್ಳೆಯವನೇ, ಆದರೆ ಅವನ ಅಂಗಡಿಗೆ ದಿನಕ್ಕೆ ಹತ್ತಾರು ಲಾರಿ ಬರುತ್ತಿದ್ದವು. ವಾರದೊಳಗೆ ಅಂಕೋಲೆಯಿಂದ ಹುಬ್ಬಳ್ಳಿಯವರೆಗೆ ಸುದ್ದಿ ಹರಡಿತು. ಸುದ್ದಿ ಹರಡುತ್ತ ಹಾವೂ ಬೆಳೆಯಿತು. ನಾಗರಪಂಚಮಿಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಹಾಲಿನ ಗಿಂಡಿ ಹಿಡಿದ ಹೆಂಗಸರು. ನೀಲಾ ಸ್ನಾನವನ್ನೂ ಮಾಡಿರಲಿಲ್ಲ.

"ಇದು ನಾಗರಲ್ಲ. ಹಾಲು ಕುಡಿತಿಲ್ಲೆ. ಮನೆಗೆ ಹೋಗಿ" ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಒಳಗಿಂದ ಬಂದ ಕಮಲಾಕರ, "ನೋಡ್ಕಂಡು ಹೋಗ್ಲಿ ಬಿಡು, ದೂರದಿಂದ ಬಂದಿದ್ದ" ಎಂದು ಎಲ್ಲರನ್ನೂ ಕೋಣೆಗೆ ಕರೆದುಕೊಂಡು ಹೋದ. ಪೂಜೆಗೆ ಬಂದವರು ಹೋದ ಮೇಲೆ ಹೊಡೆದು ಹಾಕಿ ಎನ್ನುವವರು ಬಂದರು. ಅವರಿಗೂ ಅವನು ಚಹಾ ಕೊಡಿಸಿದ. ಚಹಾ ಮಾಡಿದವಳು ನೀಲಾ.

ಇವನ್ನೆಲ್ಲ ಸಹಿಸಬಹುದಿತ್ತು. ಆದರೆ ಮುಂಡಗೋಡಿನಿಂದ ನೀಲಗಂಗವ್ವನ ಫೋನು ಬಂತು. ಮೊಮ್ಮಗಳ ಮದುವೆಗೆ ಹಪ್ಪಳವನ್ನೆಲ್ಲ ನೀಲಾಳ ಹತ್ತಿರವೇ ಮಾಡಿಕೊಡಲು ಹೇಳಿದ್ದ ಹಿರಿಯಾಕೆ.

"ಏನವ್ವಾ, ಹಪ್ಪಳಾ ಒಣಗಿಸೋ ಚಾಪಿ ಮ್ಯಾಲ ಹಾವು ಹರದಾಡತದಂತ ಹೌದೇನ?"

ನೀಲಾ ಸುಳ್ಳು ಹೇಳಿದಳು. "ಹಾವೂ ಇಲ್ಲ, ಎಂತದೂ ಇಲ್ಲ. ಯಾರೋ ಕತೆ ಕಟ್ಟಿದ್ದಾರೆ." ಆಚೆಯಿಂದ ಬರಿಯ "ಹೂಂ" ಕೇಳಿಸಿತು. ಮತ್ತೆ ಅಲ್ಲಿಂದ ಸುದ್ದಿಯೇ ಇಲ್ಲ. ಕೇಳಿದವಳು ನಂಬಲಿಲ್ಲ ಎಂಬುದು ನೀಲಾಳಿಗೆ ಗೊತ್ತಾಗಿತ್ತು. ಹಾವು ಕಂಡು ಆದ ಹೇಸಿಗೆಗಿಂತ, ತಾನು ಅದರ ಸಲುವಾಗಿ ಸುಳ್ಳು ಹೇಳಬೇಕಾಯಿತಲ್ಲ ಎಂಬುದು ಅವಳನ್ನು ಹೆಚ್ಚು ಕುಟುಕಿತು.

ಅವತ್ತು ಗಂಡನಿಗೆ ಖಡಾಖಂಡಿತ ಹೇಳಿದಳು. "ದಸರೆಯೊಳಗೆ ಇದು ಮನೆಯಿಂದ ಹೋಗವು. ಇಲ್ಲದಿದ್ರೆ ಆನು ಸಮೃದ್ಧಿ ಮನೆಗೆ ಹೋಗ್ತೆ."

"ಹೂಂ, ತುಷಾರನ್ನ ಕೇಳ್ತೆ" ಎಂದ ಕಮಲಾಕರ. ಕೇಳುವ ಮೊದಲೇ ಅವನಿಗೆ ಹರ್ನಿಯಾ ಜೋರಾಯಿತು. ಸಿರ್ಸಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಗಬೇಕಾಯಿತು. ಅಪ್ಪನನ್ನು ನೋಡಿಕೊಳ್ಳಲು ಸಿದ್ದಾಪುರದಿಂದ ಮಗಳು ಬಂದಳು. ತೊಡದೇವಿಗೆ ಹೇಳಿದ್ದವರು ಕಾಯುತ್ತಿದ್ದರು, ನೀಲಾ ಆಪರೇಶನ್ ಮುಗಿದ ಸಂಜೆಯೇ ಯಲ್ಲಾಪುರಕ್ಕೆ ವಾಪಸಾದಳು. ಮನೆಯಲ್ಲಿ ಅವಳು, ಮತ್ತೆ ಹಾವು.

ಮರುದಿನ ಬೆಳಿಗ್ಗೆ ನೀರು ಬದಲಿಸಲು ಕೋಣೆಗೆ ಹೋದರೆ ಹಾವಿನ ಕಣ್ಣು ಹಾಲು ಬಿದ್ದಂತೆ ನೀಲಿಗಟ್ಟಿತ್ತು. ಮೈಯ ಬಿಳಿ ಪಟ್ಟೆಗಳು ಮಂಕಾಗಿದ್ದವು. ಮುಚ್ಚಳ ತೆರೆದದ್ದೇ ತಡ ಅದು ಬಾಲವನ್ನು ಕಾಗದದ ಮೇಲೆ ಪಟಪಟ ಬಡಿಯತೊಡಗಿತು. ಸತ್ತುಹೋಗುತ್ತದೆ ಎಂದುಕೊಂಡಳು. ಸಾಯಲಿ ಎಂದೂ ಒಂದು ಕ್ಷಣ ಅನಿಸಿತು. ಅದರ ಹಿಂದೆಯೇ, ತನ್ನ ಕೈಯಲ್ಲೇ ಸಾಯಬೇಕೇ ಇದು, ಅದೂ ಇವತ್ತೇ, ಎಂಬ ಸಿಟ್ಟು ಬಂತು. ಆಸ್ಪತ್ರೆಗೆ ಫೋನು ಹಚ್ಚಿದಳು.

"ಆಯಿ, ಅಪ್ಪಂಗೆ ಈಗಷ್ಟೇ ಗಂಜಿ ಕೊಟ್ಟಿ" ಎಂದು ಸಮೃದ್ಧಿ ಹೇಳುತ್ತಿರುವಾಗಲೇ ಕಮಲಾಕರ ಫೋನು ಕಸಿದುಕೊಂಡ. ಹೊಲಿಗೆ ನೋಯುತ್ತಿದ್ದರೂ ದನಿಯಲ್ಲಿ ಉತ್ಸಾಹ.

"ಕಣ್ಣು ನೀಲಿ ಆಯ್ದಾ? ಪೊರೆ ಬಿಡ್ತು ಅದು! ಈಗ ಅದಕ್ಕೆ ಕಣ್ಣು ಕಾಣ್ತಿಲ್ಲೆ. ಅದಕ್ಕೇ ಹೆದರಿಕೆ. ಮುಟ್ಟಡ, ತಿಂಬಲೆ ಹಾಕಡ. ಒದ್ದೆ ಬಟ್ಟೆ ಒಂದು ಒಳಗೆ ಇಡು, ಸಾಕು."

"ನಿಂಗಳ ಹೊಟ್ಟೆ ಹ್ಯಾಂಗಿದ್ದು?"

"ಅದು ಇರಲಿ. ಪೊರೆ ಹರಿಯದೆ ಬಂದರೆ ಎತ್ತಿಡು."

ನೀಲಾ ಫೋನು ಇಟ್ಟಳು. ಆಮೇಲೆ ಹಳೆಯ ಪಂಚೆಯ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಇಕ್ಕುಳದಿಂದ ಪೆಟ್ಟಿಗೆಯೊಳಗೆ ಇಟ್ಟಳು. ಹಾವು ಬಾಲ ಬಡಿಯಿತು. "ಬಡ್ಕ, ಬಡ್ಕ. ನಿಂಗೆ ಕಣ್ಣಾದ್ರೂ ಕಾಣ್ತಿಲ್ಲೆ. ಬಾಕಿಯವಕ್ಕೆ ಎಂತ ಆಯ್ದು?" ಎಂದಳು.

ಕೆಲಸದ ನಡುವೆ ಅವಳು ಹೋಗಿ ಹೋಗಿ ಇಣುಕುತ್ತಿದ್ದಳು. ಬಟ್ಟೆ ಒಣಗಿದರೆ ಮತ್ತೆ ನೆನೆಸುತ್ತಿದ್ದಳು. ಮೊಬೈಲಿನಲ್ಲಿ ಈ ಜಾತಿಯ ಹಾವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ, ಅರ್ಥವಾಗದ್ದನ್ನು ಮಗಳಿಗೆ ಕೇಳಿ, ಓದಿದಳು. ಗಂಡ ಓದಿದ್ದು ಸೌಮ್ಯ ಎಂಬ ಒಂದು ಸಾಲು ಮಾತ್ರ ಎಂಬುದು ಆಗ ತಿಳಿಯಿತು. ಅದರ ಕೆಳಗೇ ಬೇಕಾದಷ್ಟಿತ್ತು. ಹಸಿವು ಹೆಚ್ಚು. ಊಟದ ವಾಸನೆಯ ಕೈ ಒಯ್ಯಬಾರದು. ಮೊದಲು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ, ಇದು ಊಟದ ಹೊತ್ತಲ್ಲ ಎಂದು ತಿಳಿಸಬೇಕು. ಪೆಟ್ಟಿಗೆಯಲ್ಲಿ ಒಂದೇ ಇರಬೇಕು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಹೋಗಿ ನೋಡಿದರೆ ಪೊರೆ ಬಟ್ಟೆಯ ಮೇಲೆ ಬಿದ್ದಿತ್ತು, ಮೂಗಿನಿಂದ ಬಾಲದ ತುದಿಯವರೆಗೆ ಎಲ್ಲೂ ಹರಿಯದೆ. ಹಾವಿನ ಪಟ್ಟೆಗಳು ಈಗ ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು, ಕಡ್ಡಿಯಿಂದ ಅದರ ಬೆನ್ನು ಮುಟ್ಟಿ, ನೀಲಾ ಮೊದಲ ಸಲ ಬರಿಗೈ ಒಳಗೆ ಹಾಕಿದಳು. ಹಾವು ನಾಲಗೆ ಚಾಚಿ ಬೆರಳನ್ನು ವಿಚಾರಿಸಿತು, ಏನೂ ಬೇಡವೆನಿಸಿ ಪಕ್ಕಕ್ಕೆ ಹರಿದುಹೋಯಿತು. ಅಷ್ಟೇ. ಅವಳಿಂದ ಅದಕ್ಕೆ ಚಹಾ ಬೇಡ, ಮಾತು ಬೇಡ.

ಕಮಲಾಕರ ಮನೆಗೆ ಬಂದವನು ಈಸಿ ಚೇರಿನಲ್ಲಿ ಕುಳಿತು ಪೊರೆಯನ್ನು ತೊಡೆಯ ಮೇಲೆ ಹರಡಿಕೊಂಡು ಸವರಿದ. ತೆರೆದ ಬಾಗಿಲಿನಿಂದ ಪೆಟ್ಟಿಗೆಯ ಕಡೆ ನೋಡಿದ.

"ನೀಲಾ, ಇದಕ್ಕೆ ಒಂಟಿ ಅನಿಸ್ತಾ ಇದ್ದು ಕಾಣ್ತು. ತುಷಾರನ ಗುರ್ತದವರ ಹತ್ರ ಇನ್ನೊಂದು ಇದ್ದಡ. ಜೊತೆಗೆ ತಂದು ಬಿಟ್ರೆ..."

ನೀಲಾಳ ಕೈಯಲ್ಲಿ ಅವನ ಮಾತ್ರೆ ಮತ್ತು ನೀರಿನ ಲೋಟ ಇತ್ತು. ಎರಡನ್ನೂ ಕೆಳಗಿಟ್ಟಳು.

"ತನ್ನಿ. ತಂದು ಬಿಡಿ. ಮಾರನೇ ದಿನ ಒಂದೇ ಇರ್ತು. ಕಿಂಗ್ ಹೇಳಿ ಹೆಸರು ಎಂತಕ್ಕೆ ಬಂದಿದ್ದು ಗೊತ್ತಿದ್ದಾ ನಿಂಗಕ್ಕೆ? ಬೇರೆ ಹಾವನ್ನೇ ನುಂಗ್ತು ಅದು. ಅದಕ್ಕೆ ಜೊತೆ ಬ್ಯಾಡ, ಹಾಲು ಬ್ಯಾಡ, ಪೂಜೆ ಬ್ಯಾಡ, ನೋಡಲೆ ಬಪ್ಪವೂ ಬ್ಯಾಡ. ಸುಮ್ಮಂಗೆ ಬಿಟ್ರೆ ಸಾಕು ಅದಕ್ಕೆ. ಇಷ್ಟು ವರ್ಷದಲ್ಲಿ ಈ ಮನೆಗೆ ಎಷ್ಟು ಪ್ರಾಣಿ ತಂದ್ರಿ, ಒಂದಕ್ಕಾದ್ರೂ ಎಂತ ಬೇಕು ಹೇಳಿ ಕೇಳಿದ್ರಾ? ಯಂಗೆ ಎಂತ ಬೇಕು ಹೇಳಿ ಕೇಳಿದ್ರಾ?"

ಮಗಳು ಅಡುಗೆಮನೆಯಿಂದ ಹೊರಗೆ ಬಂದವಳು ಹಾಗೇ ಒಳಗೆ ಹೋದಳು. ಕಮಲಾಕರ ಪೊರೆಯನ್ನು ಪಕ್ಕಕ್ಕಿಟ್ಟು, "ಎಂತ ಬೇಕು?" ಎಂದ. ತಮಾಷೆಗೆ ಅಲ್ಲ, ನಿಜವಾಗಿ ಗೊತ್ತಿಲ್ಲದವನಂತೆ.

"ಬಾಗಿಲಿಗೆ ಬೀಗ" ಎಂದಳು ನೀಲಾ. "ಆ ಕೋಣೆಗೆ ಬೀಗ, ಕೀಲಿ ಯನ್ನ ಹತ್ರ. ಇನ್ನು ಈ ಮನೆಗೆ ಉಸಿರಾಡೋದು ಎಂತದೂ ಬಪ್ಪಲಿಲ್ಲೆ. ಹೊಲಿಗೆ ಮಾಯ್ದ ಮೇಲೆ ಪೆಟ್ಟಿಗೆ ತೊಳೆಯೋದು ನಿಂಗ. ಆನು ನಿಂತು ನೋಡ್ತೆ."

"ಇದನ್ನ ವಾಪಸ್ ಕಳ್ಸದು?"

"ಯಾರಿಗೆ ಕಳ್ಸದು? ತುಷಾರಂಗೂ ಜಾಗ ಇಲ್ಲೆ. ಇರಲಿ."

ಮರುದಿನ ನೀಲಾ ತಾನಾಗಿಯೇ ಮುಂಡಗೋಡಿಗೆ ಫೋನು ಮಾಡಿದಳು. ಮನೆಯಲ್ಲಿ ಹಾವು ಇರುವುದು ಹೌದು, ಅವತ್ತು ಇಲ್ಲವೆಂದಿದ್ದು ಸುಳ್ಳು, ಅದು ಬೀಗ ಹಾಕಿದ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತದೆ, ಅಡುಗೆಯ ಕಡೆಗೆ ಅದರ ಸಾಮಾನು ಒಂದೂ ಬರುವುದಿಲ್ಲ, ಬಂದು ನೋಡಿ, ಮನಸ್ಸಿಗೆ ಬಂದರೆ ಹಪ್ಪಳ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ನೀಲಗಂಗವ್ವ ದೀಪಾವಳಿ ಕಳೆದ ಮೇಲೆ ಬಂದಳು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ. ಮೊದಲು ಅಡುಗೆಮನೆ ನೋಡಿದಳು, ಹಪ್ಪಳದ ಡಬ್ಬ ತೆರೆಸಿ ಮೂಸಿದಳು, ಅಟ್ಟದ ಮೇಲೆ ಸುತ್ತಿಟ್ಟಿದ್ದ ಚಾಪೆ ಇಳಿಸಿ ಬಿಡಿಸಿ ನೋಡಿದಳು. ಆಮೇಲೆ, "ಎಲ್ಲೈತಿ ಅದು, ತೋರಸ" ಎಂದಳು. ನೀಲಾ ಬೀಗ ತೆಗೆದಳು. ಮುದುಕಿ ಗಾಜಿನ ಎದುರು ಕುರ್ಚಿ ಎಳೆದುಕೊಂಡು ಕುಳಿತಳು. ಹಾವು ಸುರುಳಿ ಸುತ್ತಿಕೊಂಡು ಮಲಗಿತ್ತು.

"ಏನೂ ಮಾಡೂದಿಲ್ಲೇನ ಇದು?"

"ಇಲ್ಲ."

"ಮತ್ಯಾಕ ಇಟ್ಟಗೊಂಡೀರಿ?"

"ಎಂತ ಮಾಡೋದು, ಬಂದುಬಿಟ್ಟಿದೆ" ಎಂದಳು ನೀಲಾ.

ಮುದುಕಿ ತಲೆಯಾಡಿಸಿದಳು. ಎಷ್ಟು ಹಪ್ಪಳ ಬೇಕೆಂದು ಹೇಳಿ, ಮುಂಡಗೋಡಿನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅಲ್ಲೇ ಕುಳಿತಳು. ಹೊರಗೆ ಹಿತ್ತಿಲಲ್ಲಿ ಕಮಲಾಕರ, ಹೊಟ್ಟೆ ಹಿಡಿದುಕೊಂಡು ಬಗ್ಗಿ, ಅಣಬೆ ಬೆಳೆಸಲು ಹುಲ್ಲಿನ ಕಂತೆಗಳನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬುತ್ತಿದ್ದ. ಅಣಬೆ ಉಸಿರಾಡುವುದಿಲ್ಲ ಎಂಬುದು ಅವನ ವಾದವಾಗಿತ್ತು. ಅವನು ಬಗ್ಗಿದಲ್ಲೇ ನರಳಿದ್ದು ಕಿಟಕಿಯಿಂದ ಕೇಳಿಸಿತು. ನೀಲಾ ಹಲ್ಲು ಕಚ್ಚಿಕೊಂಡು, ಚೀಲ ಹಿಡಿದುಕೊಡಲು ಎದ್ದುಹೋದಳು.